ವೀ ಅಂದರೆ

ಉತ್ತರ ಐರ್ಲೆಂಡಿನ ಡಂಗ್ಯಾನನ್ ಊರಲ್ಲಿ
ಅಂಗಡಿಯ ಹುಡುಗಿ ಮೊದಲ ದಿನ ಕೇಳಿದಳು:
ವೀ ಬ್ಯಾಗ್ ಬೇಕಾ? ವೀ ರಸೀದಿ ಕೊಡಲಾ?

ವೀ ಗೊತ್ತಿತ್ತು ನನಗೆ.
ಪುಸ್ತಕದ ನಾಲ್ಕನೇ ಪುಟದಲ್ಲಿ ಕೈ ಕೈ ಹಿಡಿದು ನಿಂತವರ ಚಿತ್ರ,
ಕೆಳಗೆ ಆ ಪದ. ವೀ ಅಂದರೆ ನಾವು.
ಹಾಗಾದರೆ ಇದು ನಮ್ಮ ಬ್ಯಾಗು, ನಮ್ಮ ರಸೀದಿ.
ಬಸ್ಸಿನವನು ವೀ ನಿಮಿಷ ತಡೆಯಿರಿ ಅಂದ, ಅದೂ ನಮ್ಮ ನಿಮಿಷ.
ಎಂಥ ಊರಪ್ಪಾ ಇದು, ಅಂದುಕೊಂಡೆ,
ಯಾವುದನ್ನೂ ತನ್ನದು ಅನ್ನುವುದಿಲ್ಲ.

ನಮ್ಮ ತೇತುನ್ ಮಾತಿನಲ್ಲಿ ನಾವು ಎರಡು.
ಇತಾ ಅಂದರೆ ನೀನೂ ಸೇರಿದ ನಾವು.
ಅಮಿ ಅಂದರೆ ನೀನಿಲ್ಲದ ನಾವು.
ಬಾಯಿ ತೆರೆದ ಕೂಡಲೇ ಗೊತ್ತಾಗಿಬಿಡುತ್ತದೆ
ಹೊಸ್ತಿಲ ಒಳಗಿದ್ದೀಯೋ ಹೊರಗಿದ್ದೀಯೋ.
ಇಂಗ್ಲಿಷಿಗೆ ಇರುವುದು ಒಂದೇ.
ಉಳಿದದ್ದನ್ನು ಮುಖ ನೋಡಿ ಓದಿಕೊಳ್ಳಬೇಕು.

ಟಿಮೋರಿನಲ್ಲಿ ಅಜ್ಜಿಗೆ ಪೋರ್ಚುಗೀಸಿನಲ್ಲಿ ಜಪ ಕಲಿಸಿದರು,
ನನಗೆ ಜಕಾರ್ತದಿಂದ ಬಂದ ಮಾಸ್ತರ ತನ್ನ ಭಾಷೆಯಲ್ಲಿ ಮಗ್ಗಿ,
ತಪ್ಪಿದರೆ ಬೆರಳ ಗೆಣ್ಣಿನ ಮೇಲೆ ಅಡಿಕೋಲು.
ಇದು ನಾಲ್ಕನೆಯದು. ಇದಕ್ಕೆ ಕೋಲಿಲ್ಲ.
ಮಂಗಳವಾರ ಸಂಜೆ ಏಳಕ್ಕೆ ಚರ್ಚಿನ ಹಿಂದಿನ ಕೋಣೆ,
ಬ್ರೋನಾ ಟೀಚರು, ಒಂದು ತಟ್ಟೆ ಬಿಸ್ಕತ್ತು.
ಕೋಲಿಲ್ಲದ ಕಲಿಕೆ ಕಷ್ಟ.
ಯಾರ ಮೇಲೆ ಸಿಟ್ಟಾಗಿ ಕಲಿಯಲಿ?

ಹತ್ತು ತಾಸು ಕೋಳಿಯ ತೊಡೆ ಬೇರ್ಪಡಿಸಿದ ಕೈ
ಹಿಡಿದರೆ ಪೆನ್ಸಿಲೂ ತಣ್ಣಗೆ.
ಸೆಪ್ಟೆಂಬರಿನಲ್ಲಿ ಹದಿನಾಲ್ಕು ಮಂದಿ ಇದ್ದೆವು.
ಯೊರ್ದಾನನಿಗೆ ರಾತ್ರಿ ಪಾಳಿ ಬಂತು. ರಾಸಾ ಬಸುರಿಯಾದಳು.
ಕ್ರಿಸ್ಮಸ್ ಕಳೆದ ಮೇಲೆ ಮೂರೇ ಜನ, ಬಿಸ್ಕತ್ತು ಮಾತ್ರ ಅಷ್ಟೇ ಇತ್ತು.
ಗೋ ಹೋಗಿ ವೆಂಟ್ ಆದದ್ದೇಕೆ, ಅಂತ ಕೇಳಿದೆ.
ಟೀಚರು ಬಹಳ ಹೊತ್ತು ಕಿಟಕಿ ನೋಡಿ, ಸಾರಿ, ಅಂದರು.
ನಮ್ಮಲ್ಲಿ ಹೋಗುವುದಕ್ಕೂ ಹೋದದ್ದಕ್ಕೂ ಒಂದೇ ಪದ,
ಕೊನೆಗೊಂದು ಓನಾ ಇಟ್ಟರೆ ಮುಗಿಯಿತು.

ಫೆಬ್ರವರಿಯಲ್ಲಿ ಬಿಟ್ಟೇಬಿಡೋಣ ಅನ್ನಿಸಿತು.
ಬಿಟ್ಟೆ ಕೂಡ, ಎರಡು ವಾರ. ಯಾರೂ ಬಂದು ಕೇಳಲಿಲ್ಲ.

ಆಮೇಲೆ ಆಸ್ಪತ್ರೆಯ ಆ ಸೋಮವಾರ.
ನತೇರ್ಸಿಯಾಗೆ ಹನ್ನೆರಡು. ಶಾಲೆ ತಪ್ಪಿಸಿ ಕರೆದೊಯ್ದೆ.
ಯೂನಿಫಾರ್ಮಿನಲ್ಲೇ ನನ್ನ ನಾಲಿಗೆಯಾಗಿ ಕುಳಿತಳು.
ಡಾಕ್ಟರು ಏನೋ ಅಂದರು. ಅವಳು ನನ್ನ ಕಡೆ ತಿರುಗಲಿಲ್ಲ.
ಏನಂತೆ?
ಏನಿಲ್ಲಮ್ಮ, ಇನ್ನೊಂದು ಸಲ ನೋಡಬೇಕಂತೆ.
ಏನಿಲ್ಲ ಅನ್ನುವುದನ್ನು ಇಷ್ಟು ಚೆನ್ನಾಗಿ
ಯಾವ ಭಾಷೆಯಲ್ಲಿ ಕಲಿತಳು ಇವಳು?
ನನ್ನ ಎದೆಯ ಗಂಟನ್ನು ಮಗಳ ಗಂಟಲಲ್ಲಿಟ್ಟು
ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ.

ಮರುದಿನ ಮಂಗಳವಾರ. ಹೋದೆ. ಆಮೇಲೆ ತಪ್ಪಿಸಿಲ್ಲ.
ನೋವು. ಎಡಗಡೆ. ಮೂರು ತಿಂಗಳಿಂದ.
ಮತ್ತೆ ಈ ವಾಕ್ಯ, ಕೋಳಿಗಳ ಸಾಲಿನ ಮುಂದೆ
ಮಾಸ್ಕಿನೊಳಗೇ ಸಾವಿರ ಸಲ ಉರು ಹೊಡೆದದ್ದು:
ನನಗೇ ಹೇಳಿ, ಡಾಕ್ಟರ್. ನಿಧಾನವಾಗಿ.

ವೀ ಕತೆ ಟೀಚರಿಗೆ ಹೇಳಿದ್ದೂ ಆಗಲೇ.
ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು.
ಅದು ಬೇರೆ ವೀ, ದೊಮಿಂಗಾಸ್,
ಇಲ್ಲಿಯವರ ಬಾಯಿಚಟ. ಪುಟ್ಟದು ಅಂತ, ಅಷ್ಟೇ.
ಪುಟ್ಟ ಚೀಲ. ಪುಟ್ಟ ರಸೀದಿ. ಪುಟ್ಟ ನಿಮಿಷ.
ಮನೆಗೆ ನಡೆಯುವಾಗ ಊರು ಸ್ವಲ್ಪ ಕಿರಿದಾಗಿತ್ತು.

ಇವತ್ತು ಒಬ್ಬಳೇ ಬಂದಿದ್ದೇನೆ.
ನತೇರ್ಸಿಯಾಗೆ ಈ ಹೊತ್ತಿಗೆ ಗಣಿತದ ಪಾಠ.
ನರ್ಸು ತೋಳು ಒರೆಸಿ, ಸೂಜಿ ಎತ್ತಿ ಹಿಡಿದು ಅನ್ನುತ್ತಾಳೆ:
ವೀ ಚುಚ್ಚು, ಕಣಮ್ಮ, ಹೆದರಬೇಡ.
ಯಾವ ವೀ ಅಂತ ಈಗ ನನಗೆ ಗೊತ್ತು.
ಆದರೂ ಕಿವಿಗೆ ಬಿದ್ದದ್ದು ಇತಾ.
ಸರಿ, ಅಂದೆ, ನಾನೇ. ಚುಚ್ಚಿ.